ಸ್ಪ್ಯಾನರಕ್ಕನ ಇಂಟು ಮಾರ್ಕು

ಮಗಳು ಕಾರು ಕೊಳ್ಳುತ್ತೇನೆ ಎಂದಾಗ ಸ್ಪ್ಯಾನರಕ್ಕನಿಗೆ ಸಿಟ್ಟು ಬರಲಿಲ್ಲ. ಯಾರೋ ಹುಡುಗ ತನ್ನ ಶೆಡ್ಡಿನಲ್ಲಿ ಕೊಯ್ದು, ತಗ್ಗಿಸಿ, ಅಗಲ ಚಕ್ರ ಹಾಕಿ, ಸೈಲೆನ್ಸರ್ ಬದಲಾಯಿಸಿ, ಮೇಲೆ ನೀಲಿ ಬಣ್ಣ ಹೊಡೆದ ಕಾರು ಅದು ಎಂದು ಗೊತ್ತಾದಾಗ ಬಂತು. ಬಂದದ್ದು ಒಂದು ಲೋಟ ಚಹಾಕ್ಕೆ ಇಳಿದು ಹೋಗುವ ಸಿಟ್ಟೂ ಆಗಿರಲಿಲ್ಲ.

"ಇನ್ನೊಬ್ಬರ ಹುಚ್ಚನ್ನ ದುಡ್ಡು ಕೊಟ್ಟು ಮನೆಗೆ ತರ್ತೀಯೇನೇ?" ಎಂದಳು.

"ಇಪ್ಪತ್ತು ವರ್ಷದಿಂದ ಈ ಮನೇಲಿ ಪುಕ್ಕಟೆ ಹುಚ್ಚು ನೋಡ್ತಾ ಇದೀನಲ್ಲಮ್ಮ, ಒಂದು ಸಲ ದುಡ್ಡು ಕೊಟ್ಟು ನೋಡ್ತೀನಿ," ಎಂದಳು ಮಗಳು, ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ.

ಪಕ್ಕದಲ್ಲಿ ಪೇಪರು ಹಿಡಿದು ಕುಳಿತಿದ್ದ ಗಂಡ ಫಕ್ಕನೆ ನಕ್ಕ. ಹೆಂಡತಿಯ ಮುಖ ನೋಡಿ ಆ ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಂಡ. ಅವನದು ಕನ್ನಡಕದ ಅಂಗಡಿ. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವ ಮನುಷ್ಯ, ಮನೆಯಲ್ಲಿ ಮಾತ್ರ ಕಂಡರೂ ಕಾಣದ ಹಾಗೆ ಇರುವುದನ್ನು ಚೆನ್ನಾಗಿ ರೂಢಿಸಿಕೊಂಡಿದ್ದ.

ಗ್ಯಾರೇಜುಗಳ ಆ ಬೀದಿಯಲ್ಲಿ ಅವಳನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಸ್ಪ್ಯಾನರಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಂದ ಬಂದ ಗ್ಯಾರೇಜು. ಬ್ರೇಕು ಮತ್ತು ವೆಲ್ಡಿಂಗು ಅವಳ ಕಸುಬು. ಗಾಡಿಯನ್ನು ಮೇಲೆತ್ತುವ ರ‍್ಯಾಂಪಿಗೆ ಏರಿಸಿ ಕೆಳಗೆ ನಿಂತು ಅವಳು ನೋಡುವ ರೀತಿಯೇ ಬೇರೆ. ಸರಿ ಇದ್ದ ಕಡೆ ಏನೂ ಬರೆಯುವುದಿಲ್ಲ. ಕೆಟ್ಟ ಕಡೆ ಹಳದಿ ಸೀಮೆಸುಣ್ಣದಲ್ಲಿ ಒಂದು ಇಂಟು ಮಾರ್ಕು, ಅಷ್ಟೇ. ಆ ಮಾರ್ಕು ಬಿದ್ದ ಗಾಡಿಯನ್ನು ಅಲ್ಲಿಂದ ಯಾರೂ ಓಡಿಸಿಕೊಂಡು ಹೋಗುತ್ತಿರಲಿಲ್ಲ. ಲಾರಿಗೆ ಹೇರಿಸಿಕೊಂಡೇ ಹೋಗಬೇಕು. ಎದುರು ಸಾಲಿನ ಟೈರಿನವನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಕೂಡ ಅವಳ ಮಾರ್ಕಿದ್ದ ಗಾಡಿಗೆ ಗಾಳಿ ತುಂಬಿಸುತ್ತಿರಲಿಲ್ಲ. "ಅವಳ ಬಾಯಿ ಕೆಟ್ಟದ್ದು, ಸೀಮೆಸುಣ್ಣ ಮಾತ್ರ ಸುಳ್ಳು ಹೇಳಲ್ಲ," ಎನ್ನುತ್ತಿದ್ದ.

ಇನ್ನು ಮಗಳು. ಒಂದು ಕಡೆ ನಿಲ್ಲದ, ನಿಂತರೂ ಕಾಲು ಕುಣಿಸುತ್ತಲೇ ಇರುವ ಸಣ್ಣ ಮೈಯ ಹುಡುಗಿ. ಹುಟ್ಟಿದಾಗಿನಿಂದ ಗುಬ್ಬಿ. ಹಲ್ಲಿನ ಲ್ಯಾಬಿನಲ್ಲಿ ಕೆಲಸ. ಕಂಡವರ ಬಾಯಿಗೆ ಕಟ್ಟಿಸುವ ಹಲ್ಲುಗಳನ್ನು ಕೂದಲೆಳೆ ಲೆಕ್ಕದಲ್ಲಿ ಉಜ್ಜಿ ಉಜ್ಜಿ ಅಳತೆಗೆ ತರುವುದು. ಲ್ಯಾಬು ಊರಾಚೆ. ಎರಡು ಬಸ್ಸು ಬದಲಾಯಿಸಿ, ಎರಡನೆಯದು ತಪ್ಪಿದರೆ ಮುಕ್ಕಾಲು ಗಂಟೆ ಕಂಬ ಹಿಡಿದು ನಿಲ್ಲಬೇಕು. ಲೈಸೆನ್ಸು ಬಂದು ನಾಲ್ಕು ತಿಂಗಳಾಗಿತ್ತು. ಕಾರು ಬೇಕೆನ್ನುವುದರಲ್ಲಿ ಅನ್ಯಾಯವೇನೂ ಇರಲಿಲ್ಲ, ಅದನ್ನು ತಾಯಿಯೂ ಒಪ್ಪುತ್ತಿದ್ದಳು.

"ಕಾರು ಬೇಡ ಅಂತ ನಾನೆಲ್ಲಿ ಅಂದೆ? ನಮ್ಮದೇ ಇದೆಯಲ್ಲ, ಕಟ್ಟೋಣ ಬಾ."

"ಅಮ್ಮ, ದಯವಿಟ್ಟು ಅದರ ಸುದ್ದಿ ಎತ್ತಬೇಡ."

ಅದು ಎಂದರೆ ಗ್ಯಾರೇಜಿನ ಹಿಂಬದಿಯಲ್ಲಿ, ಟಾರ್ಪಾಲಿನ ಅಡಿಯಲ್ಲಿ, ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿದ್ದ ಪುಟ್ಟ ಕಾರು. ಗುಬ್ಬಿಗೆ ಹದಿನೈದು ತುಂಬಿದಾಗ ತಾಯಿ ಅದನ್ನು ಗುಜರಿಯವನಿಂದ ತಂದಿದ್ದಳು. 'ನೀನು ಲೈಸೆನ್ಸು ತಗೊಳ್ಳೋ ಹೊತ್ತಿಗೆ ನಾವಿಬ್ರೂ ಸೇರಿ ಇದನ್ನ ಹೊಸದು ಮಾಡೋಣ. ಪ್ರತಿಯೊಂದು ಬೋಲ್ಟೂ ನಿನ್ನ ಕೈಯಲ್ಲೇ ಹಾಕಿಸ್ತೀನಿ' ಎಂದಿದ್ದಳು. ಮೊದಲ ವರ್ಷ ಎಂಜಿನ್ ಬಿಚ್ಚಿದ್ದೂ ಆಯಿತು. ಆಮೇಲೆ ಯಾವುದೋ ಗಿರಾಕಿಗೆ ತುರ್ತಾಗಿ ಡೈನಮೋ ಬೇಕಾಯಿತು, ಇದರದ್ದು ಹೋಯಿತು. ಇನ್ಯಾರಿಗೋ ರೇಡಿಯೇಟರು. ಒಬ್ಬ ಮಾಸ್ತರಿಗೆ ಎಡಗಡೆ ಬಾಗಿಲು. 'ಮುಂದಿನ ತಿಂಗಳು ತಂದು ಹಾಕ್ತೀನಿ' ಎಂದು ಪ್ರತಿಸಲ ಹೇಳಿದ್ದಳು, ಪ್ರತಿಸಲವೂ ಹಾಗೇ ಮಾಡುವವಳಿದ್ದಳು, ಪಾಪ. ಐದು ವರ್ಷ ಕಳೆದುಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

"ಅದು ಕಾರಲ್ಲಮ್ಮ, ಬಿಡಿಭಾಗದ ಅಂಗಡಿ. ಬಾಗಿಲು ಬೇರೆ ಇಲ್ಲ, ಇಪ್ಪತ್ನಾಲ್ಕು ಗಂಟೆ ತೆರೆದಿರುತ್ತೆ," ಎಂದಳು ಗುಬ್ಬಿ.

ಗಂಡ ಈ ಸಲ ಕೆಮ್ಮುವ ಗೋಜಿಗೂ ಹೋಗದೆ ನಕ್ಕುಬಿಟ್ಟ.

"ನಗಿ, ಚೆನ್ನಾಗಿ ನಗಿ. ಅಪ್ಪ ಮಗಳು ಇಬ್ರೂ ಸೇರಿ ನನ್ನ ತಲೆ ತಿನ್ನಿ," ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು ಸ್ಪ್ಯಾನರಕ್ಕ. ತೊಟ್ಟಿಯಲ್ಲಿ ಅವು ಬಿದ್ದ ಸದ್ದಿಗೆ ಒಂದಾದರೂ ಒಡೆದಿರಬೇಕು ಎಂದುಕೊಂಡರು ಇಬ್ಬರೂ. ಯಾವುದೂ ಒಡೆದಿರಲಿಲ್ಲ, ಅದು ಅವಳಿಗೆ ಇನ್ನಷ್ಟು ಸಿಟ್ಟು ತಂದಿತು.

ವಾದ ನಾಲ್ಕು ದಿನ ನಡೆಯಿತು. ಕಟ್ಟಿದರೆ ಪ್ರತಿಯೊಂದು ಬೋಲ್ಟೂ ಎಲ್ಲಿದೆ ಎಂದು ಗೊತ್ತಿರುತ್ತದೆ, ಕೊಂಡರೆ ಯಾರ ಕೈ ಎಲ್ಲಿ ಆಡಿದೆ ಎಂದು ದೇವರಿಗೇ ಗೊತ್ತು ಎಂದು ತಾಯಿ. ಕಟ್ಟುವುದಕ್ಕೆ ಕೂತರೆ ತನಗೂ ಕಟ್ಟಿಸಿದ ಹಲ್ಲು ಬರುತ್ತದೆ ಎಂದು ಮಗಳು. ಸ್ಪ್ರಿಂಗು ಕೊಯ್ದು ಗಾಡಿ ತಗ್ಗಿಸುವವರೆಲ್ಲ ಅರ್ಧ ತಲೆಯವರು ಎಂದು ತಾಯಿ. ಈ ಹುಡುಗ ಸ್ಪ್ರಿಂಗು ಕೊಯ್ದಿಲ್ಲ, ಅಳತೆಗೆ ಸರಿಯಾದ್ದನ್ನು ತರಿಸಿ ಹಾಕಿದ್ದಾನೆ, ಮೂರು ವರ್ಷ ಶನಿವಾರ ಭಾನುವಾರ ಬಿಡದೆ ಕೂತು ಮಾಡಿದ್ದಾನೆ ಎಂದು ಮಗಳು.

"ಅಷ್ಟು ಮುದ್ದಿನಿಂದ ಮಾಡಿದೋನು ಮಾರೋದು ಯಾಕೆ?"

"ಅವಳಿ ಮಕ್ಕಳು ಹುಟ್ಟಿವೆ. ಹಿಂದಿನ ಸೀಟು ತೆಗೆದುಬಿಟ್ಟಿದಾನೆ. ಮಕ್ಕಳನ್ನ ಡಿಕ್ಕೀಲಿ ಕೂರಿಸೋಕಾಗುತ್ತಾ?"

ಕೊನೆಗೆ ವಿಮೆಯವರು ತಾಯಿಯ ಕೈಗೇ ಹಗ್ಗ ಕೊಟ್ಟರು. ಹೊಸ ಲೈಸೆನ್ಸಿನವಳು, ಮೇಲೆ ಬದಲಾವಣೆ ಮಾಡಿದ ಗಾಡಿ. ಯಾವುದಾದರೂ ನೋಂದಾಯಿತ ಗ್ಯಾರೇಜಿನಿಂದ ಗಾಡಿ ಸರಿಯಿದೆ ಎಂದು ಬರೆಸಿ ತಂದರೆ ಮಾತ್ರ ವಿಮೆ ಎಂದರು. ಗುಬ್ಬಿ ಬೇರೆ ಗ್ಯಾರೇಜಿಗೆ ಹೋಗಬಹುದಿತ್ತು. ಹೋಗಲಿಲ್ಲ.

"ನೀನೇ ನೋಡಮ್ಮ," ಎಂದಳು. "ನೀನು ಸರಿ ಇಲ್ಲ ಅಂದ್ರೆ ಅಲ್ಲಿಗೆ ಬಿಟ್ಟೆ. ಇನ್ನೊಂದು ಮಾತು ಆಡಲ್ಲ."

ಶನಿವಾರ ಬೆಳಿಗ್ಗೆ ನೀಲಿ ಕಾರು ಬಂತು. ಬರುವುದು ಬೀದಿಗೆಲ್ಲ ಕೇಳಿಸಿತು. ಟೈರಿನವನು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಕಾರಿನಿಂದ ಇಳಿದವನು ಅದನ್ನು ಮಾಡಿದ ಹುಡುಗನೇ, ಫ್ರಿಜ್ಜು ರಿಪೇರಿಯವನು. ಹುಡುಗ ಎಂದರೆ ಇಪ್ಪತ್ತೇಳಿರಬಹುದು, ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು, ಹೆಗಲ ಮೇಲೆ ಮಕ್ಕಳು ಕಕ್ಕಿದ ಹಾಲಿನ ಕಲೆ.

"ನಮಸ್ಕಾರ ಅಕ್ಕ. ನಿಮ್ಮ ಹೆಸರು ತುಂಬಾ ಕೇಳಿದೀನಿ. ಏನಿದ್ರೂ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಿ," ಎಂದ.

"ಅದೊಂದು ನನಗೆ ಚೆನ್ನಾಗಿ ಬರುತ್ತಪ್ಪ," ಎಂದಳು.

ಕಾರು ಮೇಲೇರಿತು. ಸ್ಪ್ಯಾನರಕ್ಕ ದೀಪ ಹಿಡಿದು ಅಡಿಗೆ ಹೋದಳು. ತಪ್ಪು ಹುಡುಕಲೆಂದೇ ಹೋದದ್ದು, ಅದರಲ್ಲಿ ಮುಚ್ಚುಮರೆಯೇನಿಲ್ಲ. ಹಿಂದಿನಿಂದ ಶುರು ಮಾಡಿದಳು. ಸ್ಪ್ರಿಂಗು ನೋಡಿದಳು, ಹೊಸದು, ಅಳತೆ ಸರಿ. ಗಾಡಿ ತಗ್ಗಿದ್ದರಿಂದ ಶಾಕ್ ಅಬ್ಸಾರ್ಬರ್ ಕೂರುವ ಜಾಗವನ್ನು ಬದಲಾಯಿಸಬೇಕಾಗುತ್ತದೆ. ಅದಕ್ಕೆಂದು ಅವನು ದಪ್ಪ ತಗಡಿನ ಬ್ರಾಕೆಟ್ಟು ಮಾಡಿ ಎರಡೂ ಬದಿಗೆ ವೆಲ್ಡ್ ಮಾಡಿದ್ದ. ಇಲ್ಲಿ ಸಿಕ್ಕಿಬೀಳುತ್ತಾನೆ ಎಂದುಕೊಂಡಳು. ದೀಪ ಹತ್ತಿರ ಹಿಡಿದಳು. ಬೆರಳಾಡಿಸಿದಳು. ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟಳು. ನಾಣ್ಯ ಜೋಡಿಸಿಟ್ಟ ಹಾಗೆ ಒಂದೇ ಸಮನಾದ ವೆಲ್ಡು. ಅವಳಿಗೆ ನಾಚಿಕೆಯಾಗುವಷ್ಟು ಚೆನ್ನಾಗಿತ್ತು. ಫ್ರಿಜ್ಜಿನ ಸಣ್ಣ ಕೊಳವೆಗಳನ್ನು ಬೆಸೆದೂ ಬೆಸೆದೂ ಪಳಗಿದ ಕೈ.

ಅವಳ ಮೈ ಉರಿಯಿತು. ಕೆಟ್ಟ ಕೆಲಸ ಕಂಡರೆ ಬೈದು ಹಗುರಾಗಬಹುದು, ಒಳ್ಳೆಯ ಕೆಲಸ ಕಂಡರೆ ಏನು ಮಾಡುವುದು? ಹೊರಗೆ ಗುಬ್ಬಿ ಅವನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಳು. ಇದನ್ನು ಹೇಗೆ ಬಗ್ಗಿಸಿದಿರಿ, ಅದಕ್ಕೆ ಎಷ್ಟು ದಿನ ಹಿಡಿಯಿತು, ತಪ್ಪಾದಾಗ ಏನು ಮಾಡಿದಿರಿ. ಹದಿನೈದನೆಯ ವಯಸ್ಸಿನಲ್ಲಿ ಇದೇ ದನಿಯಲ್ಲಿ ತನ್ನನ್ನು ಕೇಳುತ್ತಿದ್ದಳು. 'ಆಮೇಲೆ ಹೇಳ್ತೀನಿ, ಗಿರಾಕಿ ಕಾಯ್ತಿದಾನೆ' ಎಂದು ತಾನು ಅವಳನ್ನು ಸಾಗಹಾಕುತ್ತಿದ್ದುದೂ ನೆನಪಾಯಿತು.

"ಅಮ್ಮ," ಎಂದು ಗುಬ್ಬಿ ಬಗ್ಗಿ ನೋಡಿದಳು, ಮುಖವೆಲ್ಲ ನಗು. "ಇದು ಸರಿ ಇದ್ರೆ ಆ ಹಿಂದುಗಡೆ ಇರೋದನ್ನ ಗುಜರಿಗೆ ಹಾಕಿಬಿಡೋಣ. ನಿಂಗೂ ಜಾಗ ಆಗುತ್ತೆ."

ಸ್ಪ್ಯಾನರಕ್ಕ ಜೇಬಿನಿಂದ ಸೀಮೆಸುಣ್ಣ ತೆಗೆದು ಬಲಗಡೆ ಬ್ರಾಕೆಟ್ಟಿನ ಮೇಲೆ ಇಂಟು ಮಾರ್ಕು ಎಳೆದಳು. ಯೋಚಿಸಿ ಮಾಡಿದಳೋ ಯೋಚಿಸದೆ ಮಾಡಿದಳೋ ಎಂದು ಕೇಳಿದರೆ, ಯೋಚಿಸಿಯೇ ಮಾಡಿದಳು. ಅಷ್ಟು ಹೊತ್ತು ಅವಳು ಬೇರೇನನ್ನೂ ಯೋಚಿಸಿರಲಿಲ್ಲ.

"ವೆಲ್ಡು ಒಳಗೆ ಹಿಡಿದಿಲ್ಲ," ಎಂದಳು ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ. "ಮೇಲೆ ನೋಡೋಕೆ ಚೆನ್ನಾಗಿದೆ. ಒಳಗೆ ಟೊಳ್ಳು. ಹಳ್ಳ ಹಾರಿಸಿದ್ರೆ ಕಿತ್ತು ಬರುತ್ತೆ."

ಫ್ರಿಜ್ಜಿನ ಹುಡುಗನ ಮುಖ ಬಿಳಿಚಿಕೊಂಡಿತು. "ನನ್ನ ಹೆಂಡತಿ ದಿನಾ ಇದರಲ್ಲೇ ಕೆಲಸಕ್ಕೆ ಹೋಗ್ತಾಳಕ್ಕ," ಎಂದ.

"ಹಾಗಾದ್ರೆ ಇನ್ಮೇಲೆ ಬೇಡ."

ಅವನು ವಾದಿಸಲಿಲ್ಲ. ವಾದಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಸುಮ್ಮನೆ ತಲೆಯಾಡಿಸಿ ಲಾರಿಯವನಿಗೆ ಫೋನು ಮಾಡಿದ. ಲಾರಿ ಬರುವವರೆಗೆ ಮೂಲೆಯ ಟೈರಿನ ಮೇಲೆ ಕುಳಿತಿದ್ದು, ಕಾರು ಹೇರಿಸಿಕೊಂಡು ಹೊರಟುಹೋದ. ಗುಬ್ಬಿ ಕೂಡ ಮಾತಿಗೆ ತಪ್ಪಲಿಲ್ಲ. ಮುಖ ಊದಿಸಿಕೊಳ್ಳಲೂ ಇಲ್ಲ. ಸಂಜೆ ಹಳೆಯ ಬಟ್ಟೆ ಹಾಕಿಕೊಂಡು ಬಂದು ಟಾರ್ಪಾಲು ಎಳೆದು ಕೆಳಗೆ ಹಾಕಿದಳು. "ಸರಿ, ಎಲ್ಲಿಂದ ಶುರು ಮಾಡೋದು ಹೇಳು," ಎಂದಳು.

ಆ ಒಂದು ವಾರ ಸ್ಪ್ಯಾನರಕ್ಕನ ಪಾಲಿಗೆ ಹಬ್ಬವಾಗಬೇಕಿತ್ತು. ದಿನಾ ಸಂಜೆ ಮಗಳು ಬಸ್ಸಿಳಿದು ನೇರ ಗ್ಯಾರೇಜಿಗೆ ಬರುತ್ತಿದ್ದಳು. ಇಬ್ಬರೂ ಮೈಯೆಲ್ಲ ಗ್ರೀಸು ಮಾಡಿಕೊಂಡು ಏಳು ಗಂಟೆಯವರೆಗೆ ದುಡಿಯುತ್ತಿದ್ದರು. ತಾಯಿ ಹಳೆಯ ಗಿರಾಕಿಗಳಿಗೆಲ್ಲ ಫೋನು ಹಚ್ಚಿ ಡೈನಮೋ ಕೇಳಿದಳು, ರೇಡಿಯೇಟರ್ ಕೇಳಿದಳು. ಅವರೆಲ್ಲ ಇವಳಿಗೆ ತಲೆಗಿಲೆ ಕೆಟ್ಟಿತೇ ಎಂದುಕೊಂಡರು. "ಅಕ್ಕ, ಆ ಬಾಗಿಲು ಹಾಕಿದ ಕಾರನ್ನೇ ನಾನು ಮಾರಿ ಮೂರು ವರ್ಷ ಆಯ್ತು," ಎಂದರು ಮಾಸ್ತರು. ಗುಬ್ಬಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬ್ರೇಕಿನ ಡ್ರಮ್ಮು ಬಿಚ್ಚುವುದನ್ನು ಒಂದೇ ಸಲಕ್ಕೆ ಕಲಿತಳು. ಹಲ್ಲು ಉಜ್ಜಿ ಪಳಗಿದ ಬೆರಳುಗಳು, ತುಕ್ಕು ಹಿಡಿದ ಬೋಲ್ಟನ್ನೂ ನೋಯಿಸದ ಹಾಗೆ ಹಿಡಿಯುತ್ತಿದ್ದವು.

ಆದರೆ ತಾಯಿಗೆ ಒಂದೂ ಹಿತವಾಗಲಿಲ್ಲ. ಸ್ಪ್ಯಾನರು ಕೊಡಲು ಒಂದು ಗಳಿಗೆ ತಡವಾದರೆ ಮಗಳ ಮೇಲೆ ಎಗರಿದಳು, ಮರುಗಳಿಗೆಗೆ ಬಿಸ್ಕತ್ತು ತಂದುಕೊಟ್ಟಳು. ಮನೆಯಲ್ಲಿ ಗಂಡ ಊಟ ಚೆನ್ನಾಗಿದೆ ಎಂದರೆ "ಯಾಕೆ, ದಿನಾ ಚೆನ್ನಾಗಿರಲ್ವಾ?" ಎಂದು ಜಗಳ ತೆಗೆದಳು.

"ಏನಾಗಿದೆಯೇ ನಿನಗೆ?" ಎಂದ ಗಂಡ ಬುಧವಾರ. "ಅವಳು ನಿನ್ನ ಮಾತು ಕೇಳಿ ಆ ಕಾರು ಕೊಳ್ಳಲಿಲ್ಲ. ನೀನು ಹೇಳಿದ ಹಾಗೆ ಕಟ್ತಾ ಇದಾಳೆ. ಇನ್ನೇನು ಆಗ್ಬೇಕು?"

"ಏನೂ ಆಗ್ಬೇಕಾಗಿಲ್ಲ. ನೀವು ಸುಮ್ನೆ ಊಟ ಮಾಡ್ರೀ."

"ಸುಮ್ನೆ ಊಟ ಮಾಡಿದ್ರೂ ಬೈತೀಯ, ಹೊಗಳಿದ್ರೂ ಬೈತೀಯ. ನನಗೊಂದು ಬೋರ್ಡು ಹಾಕಿಬಿಡು, ಯಾವತ್ತು ಏನು ಮಾಡ್ಬೇಕು ಅಂತ."

ಅವಳು ನಗಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಗುಬ್ಬಿ ಒಳಗೆ ಬಂದು, ನಾಳೆ ಬೇಗ ಬರುತ್ತೇನೆ, ಬಿಚ್ಚಿಟ್ಟ ಎಂಜಿನ್ ಜೋಡಿಸೋಣ ಎಂದಳು. ತಾಯಿ ತೆರೆದ ಬಾಯಿಗೆ ಒಂದು ತುತ್ತು ಹಾಕಿಕೊಂಡಳು.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅದೇ ಲಾರಿ ಬಂದು ನಿಂತಿತು. ಮೇಲೆ ನೀಲಿ ಕಾರು. ಹಿಂಬದಿಯ ಬಲಗಡೆ ಕುಸಿದುಹೋದ ಹಾಗೆ ಕಾಣುತ್ತಿತ್ತು. ಫ್ರಿಜ್ಜಿನ ಹುಡುಗ ಇಳಿದು ಬಂದು, ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ಕೆಲಸದ ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಅದೇ ಬ್ರಾಕೆಟ್ಟು. ಕೊಯ್ದು ತೆಗೆದಿದ್ದ. ಹಳದಿ ಮಾರ್ಕು ಅಳಿಯದ ಹಾಗೆ ಹುಷಾರಾಗಿ ಸುತ್ತಲೂ ಕೊಯ್ದು, ಆಮೇಲೆ ವೆಲ್ಡಿನ ನಡುವೆ ಮೂರು ಕಡೆ ಸೀಳಿ, ಸೀಳಿದ ಮುಖವನ್ನು ಕನ್ನಡಿಯ ಹಾಗೆ ಉಜ್ಜಿದ್ದ.

"ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದ. "ನಿಮ್ಮ ಜೊತೆ ವಾದ ಮಾಡೋಕೆ ಬಂದಿಲ್ಲ. ಟೊಳ್ಳು ಎಲ್ಲಿದೆ ಅಂತ ನನಗೆ ಕಾಣಿಸ್ತಿಲ್ಲ. ಎಷ್ಟು ಉಜ್ಜಿದ್ರೂ ಕಾಣಿಸ್ತಿಲ್ಲ. ಒಂದ್ಸಲ ತೋರಿಸಿಕೊಡಿ, ಕಲ್ತುಕೋತೀನಿ."

ಸ್ಪ್ಯಾನರಕ್ಕ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. ಏನಾದರೂ ಮಾಡಬೇಕಿತ್ತಲ್ಲ ಎಂದು ಹಿಡಿದಳು. ಗುಬ್ಬಿ ಹೆಗಲ ಪಕ್ಕ ಬಂದು ಇಣುಕಿದಳು.

"ಅಮ್ಮ, ಪೂರ್ತಿ ಹಿಡಿದಿದೆಯಲ್ಲ?"

"ನೀನು ಸುಮ್ನಿರು."

"ಅಲ್ಲ, ನೋಡು. ಈ ತುದಿಯಿಂದ ಆ ತುದಿಗೆ ಒಂದು ಗೆರೆ ಕೂಡ ಇಲ್ಲ."

"ಸುಮ್ನಿರು ಅಂದ್ನಲ್ಲೇ!"

ಹುಡುಗ ಮಾತ್ರ ತನ್ನ ಪಾಡಿಗೆ ಹೇಳುತ್ತಲೇ ಇದ್ದ. "ಸ್ಪ್ಯಾನರಕ್ಕನ ಮಾರ್ಕು ತಪ್ಪಾಗಲ್ಲ ಅಂತ ಎಲ್ಲರೂ ಅಂದ್ರು. ಅಂದ್ರೆ ತಪ್ಪು ನನ್ನ ಕಣ್ಣಲ್ಲಿದೆ. ನನ್ನ ವೆಲ್ಡು ನನಗೇ ಕಾಣಿಸಲ್ಲ ಅಂದ್ರೆ ಬೇರೆ ಕಡೆ ಮಾಡಿದ್ದೂ ಹೀಗೇ ಇರಬಹುದಲ್ಲ? ಮಕ್ಕಳ ತೊಟ್ಟಿಲೂ ನಾನೇ ಮಾಡಿದ್ದು ಅಕ್ಕ. ಕೊಳವೆ ಬಗ್ಗಿಸಿ, ಬೆಸೆದು. ಸೋಮವಾರ ಅದನ್ನ ಬಿಚ್ಚಿ ಹೊರಗಿಟ್ಟೆ. ಎರಡೂ ನೆಲದ ಮೇಲೆ ಮಲಗ್ತಿವೆ, ಹೆಂಡತಿ ಬೈತಿದಾಳೆ. ಕೆಲಸದಲ್ಲೂ ಕೈ ನಡುಗುತ್ತೆ. ಈ ವಾರ ಮೂರು ಫ್ರಿಜ್ಜು ವಾಪಸ್ ಕಳಿಸಿದೆ, ಮುಟ್ಟೋಕೇ ಧೈರ್ಯ ಬರಲಿಲ್ಲ."

ಸ್ಪ್ಯಾನರಕ್ಕ ತುಂಡನ್ನು ಮೇಜಿನ ಮೇಲಿಟ್ಟಳು. ನೆಲದ ಮೇಲೆ ಮಲಗಿದ ಎರಡು ಕೂಸುಗಳು ಕಣ್ಣ ಮುಂದೆ ಬಂದವು, ಅವನ್ನು ಆಚೆ ತಳ್ಳಲು ಆಗಲಿಲ್ಲ. ಅಂಗೈಯಿಂದ ಆ ಹಳದಿ ಮಾರ್ಕನ್ನು ಗಸಗಸ ಉಜ್ಜಿ ಅಳಿಸಿಬಿಟ್ಟಳು.

"ತಪ್ಪು ನಿನ್ನ ಕಣ್ಣಲ್ಲಿಲ್ಲಪ್ಪ," ಎಂದಳು. "ವೆಲ್ಡಲ್ಲೂ ಇಲ್ಲ. ನಾನು ಸುಳ್ಳು ಹೇಳಿದೆ."

ಹೊರಗೆ ಲಾರಿಯವನು ಹಾರ್ನು ಒತ್ತಿ, ಬೇಗ ಇಳಿಸಿಕೊಳ್ಳಿ ಎಂದು ಕೂಗಿದ.

"ಇಂಥ ವೆಲ್ಡು ನಂಗೂ ಬರಲ್ಲ. ಅದನ್ನೂ ಹೇಳ್ತೀನಿ. ಇವಳು ನನ್ನ ಜೊತೆ ಕಟ್ಟಲಿ ಅಂತ ಆಸೆ ಇತ್ತು. ಅದಕ್ಕೇ ಮಾರ್ಕು ಹಾಕ್ದೆ. ಹೊಟ್ಟೆಕಿಚ್ಚು ಅನ್ನು, ಏನು ಬೇಕಾದ್ರೂ ಅನ್ನು. ಮನೆಗೆ ಹೋಗಿ ಮೊದಲು ತೊಟ್ಟಿಲು ಜೋಡಿಸು."

ಹುಡುಗನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಅದನ್ನು ಕಂಡು ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಿಟ್ಟು ಆಮೇಲೆ ಬಂತು. "ಏನಕ್ಕ ಇದು!" ಎಂದ. "ಒಂದು ವಾರ! ಒಂದು ವಾರ ನಾನು..." ಮುಂದೆ ಆಡಲಾಗದೆ ಹೊರಗೆ ಹೋಗಿ ಲಾರಿಯ ಮಗ್ಗುಲಿಗೆ ಒರಗಿ ನಿಂತ.

ಗುಬ್ಬಿ ನಿಂತಲ್ಲೇ ನಿಂತಿದ್ದಳು. ಅವಳ ಕಾಲು ಕೂಡ ಕುಣಿಯುತ್ತಿರಲಿಲ್ಲ. ತಾಯಿಗೆ ಅದು ಹೆದರಿಕೆ ತಂದಿತು. ಹೆದರಿದಾಗ ಸ್ಪ್ಯಾನರಕ್ಕ ಜೋರು ಮಾಡುತ್ತಾಳೆ. ಈಗಲೂ ಅದನ್ನೇ ಮಾಡಿದಳು.

"ಏನು ಹಾಗೆ ನೋಡ್ತೀಯ? ತಪ್ಪಾಯ್ತು ಅಂದ್ನಲ್ಲ. ಈಗ ಸರಿ ಮಾಡ್ತೀನಿ. ಹೊಸ ಬ್ರಾಕೆಟ್ಟು ನಾನೇ ಮಾಡಿ ಕೂರಿಸಿಕೊಡ್ತೀನಿ, ಮಧ್ಯಾಹ್ನದ ಒಳಗೆ ಆಗುತ್ತೆ. ವಿಮೆಯವರಿಗೆ ಈಗಲೇ ಬರೆದುಕೊಡ್ತೀನಿ. ಸಾಯಂಕಾಲ ನೀನೇ ಓಡಿಸಿಕೊಂಡು ಹೋಗು. ಈ ಗಾಡೀಲಿ ಒಂದೇ ಒಂದು ದೋಷ ಇಲ್ಲ, ನನ್ನಾಣೆ."

"ಹೋದ ಶನಿವಾರ ಇದೆ ಅಂದೆ," ಎಂದಳು ಗುಬ್ಬಿ ಮೆಲ್ಲನೆ. "ಈ ಶನಿವಾರ ಇಲ್ಲ ಅಂತೀಯ."

"ಅವತ್ತು ಸುಳ್ಳು, ಇವತ್ತು ನಿಜ. ಅಷ್ಟೂ ಗೊತ್ತಾಗಲ್ವಾ?"

"ಹೇಗಮ್ಮ ಗೊತ್ತಾಗ್ಬೇಕು? ಎರಡೂ ಸಲ ನಿನ್ನ ಮುಖ ಒಂದೇ ಥರ ಇದೆ."

ಸ್ಪ್ಯಾನರಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಗಿರಾಕಿಯೂ ಹಾಗೆ ಕೇಳಿರಲಿಲ್ಲ. ಕೇಳಿದ್ದರೆ ಗೇಟಿನ ಹೊರಗೆ ಕಳಿಸಿರುತ್ತಿದ್ದಳು. ಗುಬ್ಬಿ ಹೊರಗೆ ಹೋಗಿ ಹುಡುಗನ ಹತ್ತಿರ ಏನೋ ಮಾತಾಡಿದಳು. ಅವನು ತಲೆಯಾಡಿಸಿದ. ಇಬ್ಬರೂ ಸೇರಿ ಕಾರನ್ನು ಇಳಿಸಿಕೊಂಡು, ತಳ್ಳಿಕೊಂಡು ಬಂದು ರ‍್ಯಾಂಪಿನ ಮೇಲೆ ನಿಲ್ಲಿಸಿದರು. ತಾಯಿ ಕೈ ಹಚ್ಚಲು ಹೋದರೆ ಗುಬ್ಬಿ "ಬೇಡ" ಎಂದಳು. ಸಿಟ್ಟಿನಿಂದ ಅಂದಿದ್ದರೆ ಉತ್ತರ ಕೊಡಬಹುದಿತ್ತು.

ಆಮೇಲೆ ಮುಕ್ಕಾಲು ಗಂಟೆ ಸ್ಪ್ಯಾನರಕ್ಕ ತನ್ನದೇ ಗ್ಯಾರೇಜಿನಲ್ಲಿ, ಕೆಲಸವಿಲ್ಲದವಳ ಹಾಗೆ, ಮೇಜಿಗೆ ಬೆನ್ನು ಕೊಟ್ಟು ನಿಂತಳು. ಗುಬ್ಬಿ ದೀಪ ಹಿಡಿದು ಕಾರಿನ ಅಡಿಗೆ ಹೋಗಿದ್ದಳು. ಎಷ್ಟು ನಿಧಾನ ಈ ಹುಡುಗಿ! ಒಂದೊಂದು ಕೊಳವೆಯನ್ನೂ ಬೆರಳಲ್ಲಿ ಸವರಿ, ಒಂದೊಂದು ನಟ್ಟನ್ನೂ ಸ್ಪ್ಯಾನರಿನಲ್ಲಿ ಹಿಡಿದು ನೋಡಿ, ನೋಡಿದ್ದನ್ನೇ ಇನ್ನೊಮ್ಮೆ ನೋಡುತ್ತಿದ್ದಳು. 'ಅಲ್ಲೇನೂ ಇಲ್ಲ ಕಣೇ, ಮುಂದೆ ಹೋಗು' ಎಂದು ನಾಲಿಗೆ ತುದಿಗೆ ಬಂದದ್ದನ್ನು ತಾಯಿ ನುಂಗಿದಳು. ಎದುರುಗಡೆ ಟೈರಿನವನು ಬೇರೆ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟಿದ್ದ. ಅವನಿಗೆ ಇವತ್ತು ಸಿನಿಮಾ ಇಲ್ಲೇ.

ಗುಬ್ಬಿ ಹೊರಗೆ ಬಂದು ಕಾರನ್ನು ಅರ್ಧಕ್ಕೆ ಇಳಿಸಿ, ಒಳಗೆ ಕೈ ಹಾಕಿ ಸ್ಟೀರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದಳು. ಸುತ್ತಿ ಹೋಗಿ ನೋಡಿದಳು. ಎಡಕ್ಕೆ ಪೂರ್ತಿ ತಿರುಗಿಸಿದಳು. ಮತ್ತೆ ಹೋಗಿ ಮುಂದಿನ ಚಕ್ರದ ಹಿಂದೆ ಮಂಡಿಯೂರಿ ಕುಳಿತಳು. ಅಲ್ಲೇ ಕುಳಿತಳು, ಏಳಲಿಲ್ಲ.

"ಅಮ್ಮ. ಬಾ ಇಲ್ಲಿ."

ಸ್ಪ್ಯಾನರಕ್ಕ ಹೋಗಿ ಬಗ್ಗಿದಳು. ಚಕ್ರದ ಒಳಮಗ್ಗುಲಲ್ಲಿ ಬ್ರೇಕಿನ ಎಣ್ಣೆ ಹೋಗುವ ರಬ್ಬರು ಕೊಳವೆ ಇತ್ತು. ಪೂರ್ತಿ ತಿರುಗಿಸಿದಾಗ ಅಗಲ ಟೈರು ಅದನ್ನು ಒತ್ತುತ್ತಿತ್ತು. ಒತ್ತಿ ಒತ್ತಿ, ಉಜ್ಜಿ ಉಜ್ಜಿ, ಮೇಲಿನ ರಬ್ಬರೆಲ್ಲ ಸವೆದು ಒಳಗಿನ ನೂಲು ಕಾಣಿಸುತ್ತಿತ್ತು. ನೂಲಿನ ಕೆಲವು ಎಳೆ ಹರಿದು ಕೂದಲಿನ ಹಾಗೆ ಎದ್ದಿದ್ದವು. ಎಣ್ಣೆ ಇನ್ನೂ ಜಿನುಗಿರಲಿಲ್ಲ, ಇವತ್ತಲ್ಲ ನಾಳೆ ಜಿನುಗುತ್ತಿತ್ತು. ಆಮೇಲೆ ಯಾವುದೋ ತಿರುವಿನಲ್ಲಿ ಬ್ರೇಕು ಒತ್ತಿದರೆ ಕಾಲು ನೆಲಕ್ಕೆ ಹೋಗುತ್ತಿತ್ತು, ಅಷ್ಟೇ.

"ಈ ಚಕ್ರ ಹಾಕಿ ಎಷ್ಟು ದಿನ ಆಯ್ತು?" ಎಂದು ಗುಬ್ಬಿ ಕೇಳಿದಳು.

"ಎರಡು ತಿಂಗಳು," ಎಂದ ಹುಡುಗ. ಬಗ್ಗಿ ನೋಡಿದವನು ಹಾಗೇ ನೆಲದ ಮೇಲೆ ಕುಳಿತುಬಿಟ್ಟ. "ಮೊದಲಿನದಕ್ಕಿಂತ ಅಗಲದ್ದು. ಸದ್ದು ಬಂದಿರಬೇಕು, ಈ ಹಾಳು ಸೈಲೆನ್ಸರ್ ಗಲಾಟೇಲಿ ಕೇಳಿಸಿಲ್ಲ."

ಸ್ಪ್ಯಾನರಕ್ಕ ಬಗ್ಗಿದವಳು ನೆಟ್ಟಗಾಗಲಿಲ್ಲ. ಹೋದ ಶನಿವಾರ ಅವಳು ಹಿಂದಿನ ಬ್ರಾಕೆಟ್ಟಿಗೆ ಮಾರ್ಕು ಎಳೆದು ಅಲ್ಲಿಂದಲೇ ಹೊರಗೆ ಬಂದಿದ್ದಳು. ಬೇಕಾದ ತಪ್ಪು ಸಿಕ್ಕಿಬಿಟ್ಟ ಮೇಲೆ ಮುಂದಿನ ಚಕ್ರದ ಕಡೆ ಹೋಗುವ ಪುರುಸೊತ್ತು ಯಾರಿಗಿತ್ತು? ಸ್ಟೀರಿಂಗು ತಿರುಗಿಸಿಯೇ ಇರಲಿಲ್ಲ. ತಿರುಗಿಸದೆ ಇದ್ದದ್ದು ಇವತ್ತು ಆಣೆ ಹಾಕುವಾಗ ನೆನಪಿಗೂ ಬಂದಿರಲಿಲ್ಲ. ಒಂದೇ ಒಂದು ದೋಷವಿಲ್ಲ ಎಂದು, ಸಾಯಂಕಾಲ ನೀನೇ ಓಡಿಸಿಕೊಂಡು ಹೋಗು ಎಂದು, ಹೆತ್ತ ಮಗಳಿಗೆ ಹೇಳಿದ್ದಳು. ಕೈ ಚಾಚಿ ಚಕ್ರ ಹಿಡಿದುಕೊಂಡಳು.

"ನಾನಿದನ್ನ ನೋಡಿರಲಿಲ್ಲ," ಎಂದಳು. ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ. "ಗುಬ್ಬಿ, ನಿಜವಾಗ್ಲೂ ನೋಡಿರಲಿಲ್ಲ ಕಣೇ. ನೀನು ನನ್ನ ಮಾತು ನಂಬಿದ್ದಿದ್ರೆ..."

"ನಂಬಿದ್ನಲ್ಲಮ್ಮ," ಎಂದಳು ಗುಬ್ಬಿ. "ಹೋದ ವಾರ ಪೂರ್ತಿ ನಂಬಿದ್ದೆ."

ಅದರಲ್ಲಿ ಚುಚ್ಚುವ ದನಿಯೂ ಇರಲಿಲ್ಲ. ಅವಳು ಹರಿದ ನೂಲನ್ನೇ ನೋಡುತ್ತಿದ್ದಳು, ಮುಖದಲ್ಲಿ ಬಣ್ಣವಿರಲಿಲ್ಲ. ಮೂಗು ಒರೆಸಿಕೊಂಡು ಹುಡುಗನ ಕಡೆ ತಿರುಗಿದಳು. ಕೊಳವೆ ಎರಡೂ ಬದಿಗೆ ಹೊಸದು ಹಾಕಬೇಕು, ಹಳೆಯ ಅಳತೆಯ ಚಕ್ರ ಹಾಕಬೇಕು, ಹೊಸ ಬ್ರಾಕೆಟ್ಟನ್ನು ನೀವೇ ಬೆಸೆಯಿರಿ, ಇವೆಲ್ಲ ಆದರೆ ಕಾರು ನಾನು ತೆಗೆದುಕೊಳ್ಳುತ್ತೇನೆ ಎಂದಳು. ಅವನು ಹೂಂ ಎಂದ.

ಸ್ಪ್ಯಾನರಕ್ಕ ಎದ್ದು ಕಪಾಟಿನ ಕಡೆ ಹೋದಳು. ಹೊಸ ಕೊಳವೆಗಳ ಪೊಟ್ಟಣ ಹುಡುಕಿ, ಅಳತೆ ನೋಡಿ, ಎರಡನ್ನು ತಂದು ಮಗಳ ಪಕ್ಕ ನೆಲದ ಮೇಲಿಟ್ಟಳು. ಎಣ್ಣೆಯ ಡಬ್ಬಿ ತಂದಿಟ್ಟಳು. ಸರಿಯಾದ ಸ್ಪ್ಯಾನರು ತಂದಿಟ್ಟಳು. ಗುಬ್ಬಿ ಹಳೆಯ ಕೊಳವೆ ಬಿಚ್ಚಿ ಕೆಳಗಿಟ್ಟು, ಪೊಟ್ಟಣ ಹರಿದು ಹೊಸದನ್ನು ಕೈಗೆತ್ತಿಕೊಂಡಳು. ತಾಯಿಯ ಮುಖ ನೋಡಿದಳು. ಆಮೇಲೆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಸವರಿ, ಬಗ್ಗಿಸಿ, ತಿರುಗಿಸಿ, ಇನ್ನೊಮ್ಮೆ ಸವರಿ ನೋಡಿದಳು.

ಸ್ಪ್ಯಾನರಕ್ಕ ಪಕ್ಕದಲ್ಲೇ ನಿಂತು, ಅವಳು ನೋಡಿ ಮುಗಿಸುವವರೆಗೂ ಕಾದಳು.